ಗಿರಣಿಯ ಬೀಗ

ಭಾಲ್ಕಿ ಕೋರ್ಟಿನ ನ್ಯಾಯಾಧೀಶರು ಹೈಕೋರ್ಟಿನ ಆದೇಶವನ್ನು ಮತ್ತೊಮ್ಮೆ ಓದಿ ಕನ್ನಡಕ ತೆಗೆದರು.

“ನನ್ನ ಮೇಲೆ ದೂರು ಹೇಳೋದಕ್ಕೆ ಕಲಬುರಗಿವರೆಗೂ ಹೋಗಿದ್ದಿರಾ, ವಕೀಲರೇ?”

ಪ್ರಣಾಲಿ ಎದ್ದು ನಿಂತಳು. ಭಾಲ್ಕಿಯ ಹಿರಿಯ ವಕೀಲರು ಮೊದಲೇ ಎಚ್ಚರಿಸಿದ್ದರು: “ಜಡ್ಜ್ ಮ್ಯಾಲ ಹೈಕೋರ್ಟಿಗಿ ಹೋಗಬ್ಯಾಡ ತಂಗಿ. ನಾಳಿ ಅವರ ಮುಂದೇ ನಿಂದರಬೇಕು.” ಆದರೆ ಹಿಂದಿನ ಬೆಂಚಿನಲ್ಲಿ ಅವಳ ಕಕ್ಷಿದಾರಳಾದ ಸುಭದ್ರಾಬಾಯಿ ಕುಳಿತಿದ್ದಳು. ಆಕೆಯ ಹಿಟ್ಟಿನ ಗಿರಣಿಗೆ ಬಾಡಿಗೆ ಮಳಿಗೆಯ ಮಾಲೀಕ ಹಾವಗೆಪ್ಪ ಬೀಗ ಜಡಿದ ಮೇಲೆ ಎರಡು ಸುಗ್ಗಿ ಕಳೆದಿದ್ದವು. ಬೀಗ ತೆಗೆಸಬೇಕೆಂಬ ಅರ್ಜಿ ಮಾತ್ರ ತಾರೀಖಿನಿಂದ ತಾರೀಖಿಗೆ ಜರುಗುತ್ತಲೇ ಇತ್ತು.

“ದೂರಲ್ಲರಿ ಸರ್,” ಪ್ರಣಾಲಿ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. “ಬೀಗ ತೆಗೆಸ್ರಿ ಅಂತ ಕೇಳಿದ್ವಿ, ಹೈಕೋರ್ಟು ಒಪ್ಪಲಿಲ್ರಿ. ಏನ್ ತೀರ್ಮಾನ ಅನ್ನೋದು ನಿಮಗ ಬಿಟ್ಟದ್ದು. ಆದ್ರ ತೀರ್ಮಾನ ಮಾಡಲೇಬೇಕು ಅಂತ ಹೇಳ್ಯಾರ್ರಿ.”

ನ್ಯಾಯಾಧೀಶರು ಮೇಜಿನ ಮೇಲೆ ಎದೆಯೆತ್ತರ ಒಟ್ಟಿದ್ದ ಕಡತಗಳತ್ತ ನೋಡಿದರು. ಸಿಟ್ಟಿಗಿಂತ ದಣಿವೇ ಆ ಮುಖದಲ್ಲಿ ಹೆಚ್ಚಿತ್ತು.

ಹಾವಗೆಪ್ಪನ ವಕೀಲ ಶಿವರಾಜಪ್ಪ ಎದ್ದರು. “ಸರ್, ನಮಗೊಂದು ತಾರೀಖು...”

“ಇಲ್ಲ. ಇವತ್ತೇ ಇಬ್ಬರೂ ವಾದ ಮಾಡಿ.”

ಪ್ರಣಾಲಿ ವಾದಿಸಿದಳು. ಯಾವ ಕೋರ್ಟಿನ ಆದೇಶವೂ ಇಲ್ಲದೆ ಬೀಗ ಬಿದ್ದಿದೆ, ಯಂತ್ರ ತುಕ್ಕು ಹಿಡಿಯುತ್ತಿದೆ, ಊರಿನ ಹೆಂಗಸರು ಜೋಳ ಹೊತ್ತು ಪಕ್ಕದ ಊರಿಗೆ ಹೋಗುತ್ತಿದ್ದಾರೆ ಎಂದಳು. ಸುಭದ್ರಾಬಾಯಿಯೇ ಗಿರಣಿ ಮುಚ್ಚಿ ಹೋಗಿದ್ದಳೆಂದು ಶಿವರಾಜಪ್ಪ ಸಾಧಿಸಿದರು. ಸಂಜೆ ನ್ಯಾಯಾಧೀಶರು ಆದೇಶ ಬರೆಸಿದರು: ಯಾರ ಮಾತು ನಿಜವೆಂಬುದು ಸಾಕ್ಷಿ ವಿಚಾರಣೆಯಾಗದೆ ತಿಳಿಯದು, ಸದ್ಯಕ್ಕೆ ಬೀಗ ತೆಗೆಸಲಾಗದು, ಅರ್ಜಿ ವಜಾ. ಆಮೇಲೆ ಗುಮಾಸ್ತನತ್ತ ತಿರುಗಿ, “ನಕಲು ಇವತ್ತೇ ಕೊಡಿ. ಅವರು ಮೇಲ್ಮನವಿಗೆ ಬೀದರಿನ ಜಿಲ್ಲಾ ಕೋರ್ಟಿಗೆ ಹೋಗಬೇಕಾದೀತು,” ಎಂದರು. ಪ್ರಣಾಲಿ ತಲೆಬಾಗಿ ನಮಸ್ಕರಿಸಿದಳು. ಆ ಮಾತಿನಲ್ಲಿ ಹಗೆ ಇರಲಿಲ್ಲ.

ಹೊರಗೆ ಹಾವಗೆಪ್ಪ ನಗುತ್ತ ಎದುರಿಗೇ ಹಾದುಹೋದ. ಪ್ರಣಾಲಿ ಸುಭದ್ರಾಬಾಯಿಯ ಕೈ ಹಿಡಿದುಕೊಂಡಳು.

“ಆದೇಶ ಆತ್ರಿ ಆಯಿ. ಆದ್ರ ನಮ್ಮ ವಿರುದ್ಧ ಆತು.”

ಮುದುಕಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

“ಇಷ್ಟು ದಿನ ಗ್ವಾಡಿ ಮುಂದ ಹೇಳಿಕೊಂಡಂಗ ಇತ್ತವ್ವ. ಇವತ್ತು ಒಬ್ಬರು ಬಾಯಿಬಿಟ್ಟು ಇಲ್ಲ ಅಂದಾರ. ಇಲ್ಲ ಅಂದವರಿಗಿ ಯಾಕ ಅಂತ ಕೇಳಬಹುದಲ್ಲ? ನಡಿ, ಬೀದರ ಬಸ್ ಯಾವಾಗ ಅದ ನೋಡು.”