ಮರಳುವ ಆದೇಶ

ಎಂಟರ್ ಒತ್ತಿದ ಮರುಕ್ಷಣ ಸಿದ್ದಾರೂಢನ ಪರದೆ ಮರಗಟ್ಟಿತು. ಊರಿನ ಇನ್ನೊಂದು ತುದಿಯ ಕೊಂಢವಾದಲ್ಲಿದ್ದ ಗಿರಾಕಿಯ ಸರ್ವರಿನಲ್ಲಿ, ಖಾಲಿಯಿದ್ದ ನೆಟ್‌ವರ್ಕ್ ಕಾರ್ಡನ್ನು ಅದನ್ನು ನಡೆಸುವ ತಂತ್ರಾಂಶವಾದ, ವೇಗದ ಹೊಸ ಡ್ರೈವರಿಗೆ ಇಲ್ಲಿಂದಲೇ ಒಪ್ಪಿಸಬೇಕಿತ್ತು. ಅವನು ಒಪ್ಪಿಸಿದ್ದು ತನ್ನನ್ನು ಅಲ್ಲಿಗೆ ಜೋಡಿಸಿದ್ದ ಕಾರ್ಡನ್ನೇ; ಸಂಪರ್ಕ ಕಡಿದುಹೋಗಿತ್ತು.

“ಕೊಂಢವಾಕ್ಕ ಹೋಗಿ ಸರಿ ಮಾಡಿ ಬರ್ತೀನ್ರಿ ಅಕ್ಕಾ,” ಎಂದು ಹೆಲ್ಮೆಟ್ ಎತ್ತಿಕೊಂಡ. ವಾಕಡದ ಆ ಆಫೀಸಿನಲ್ಲಿ ಅವನಿಗೆ ಹಿರಿಯಳಾದ ಶೈಲಾ ಚಹಾದ ಕಪ್ಪನ್ನು ಅವನತ್ತ ಸರಿಸಿದಳು. “ಮೊದಲ ಇದನ್ನ ಕುಡಿ.”

ಕಪ್ಪು ಖಾಲಿಯಾಗುವಷ್ಟರಲ್ಲಿ ಪರದೆಗೆ ಜೀವ ಬಂತು. ಅವನನ್ನು ಈ ಕೆಲಸಕ್ಕೆ ಕೂರಿಸುವ ಮುನ್ನವೇ, ಸ್ವಲ್ಪ ಹೊತ್ತಿನ ಬಳಿಕ ಕಾರ್ಡುಗಳು ತಾವಾಗಿ ಹಳೆಯ ಡ್ರೈವರಿಗೆ ಮರಳುವಂತೆ ಅವಳು ಸರ್ವರಿಗೆ ಆದೇಶ ಕೊಟ್ಟಿಟ್ಟಿದ್ದಳು.

“ನಾ ತಪ್ಪತೀನಂತ ಗೊತ್ತಿತ್ತೇನ್ರಿ?”

“ಇಲ್ಲಪಾ. ನಾ ಕುಂತಾಗೂ ಹಿಂಗ ಮಾಡಿಟ್ಟ ಕುಂದರ್ತೀನಿ.”

ಸಿದ್ದಾರೂಢ ಹೆಲ್ಮೆಟ್ ಕೆಳಗಿಟ್ಟು ಮತ್ತೆ ಕೂತ. ಈ ಸಲ ಮೊದಲು ಬರೆದದ್ದು ಮರಳುವ ಆದೇಶವನ್ನು. ಅದನ್ನು ಕಂಡ ಮೇಲೆ ಶೈಲಾ ಕುರ್ಚಿಯನ್ನು ತನ್ನ ಕೆಲಸದತ್ತ ತಿರುಗಿಸಿಕೊಂಡಳು.