ಹಸಿರಾದ ಸಾಲುಗಳು

ಮ್ಯಾನೇಜರ್ ವೀರೇಶ್ ತೇಜಶ್ರೀಯ ಭುಜದ ಪಕ್ಕದಿಂದ ಕೈ ಚಾಚಿ ಎರಡು ಕೀ ಒತ್ತಿದ. ದಪ್ಪ ಮಾನಿಟರಿನ ಮೇಲೆ ಅವಳು ಬರೆದ ಪ್ರೋಗ್ರಾಮಿನ ಕೆಲವು ಸಾಲುಗಳು ಹಸಿರಾದವು. ಪ್ರೋಗ್ರಾಮ್ ಬರೆಯುವ ಎಡಿಟರಿಗೆ ಹೀಗೆ ಮಾಡುವ ಪ್ಲಗಿನ್ ಹಾಕಿಕೊಂಡವಳು ಅವಳೇ. ಒಮ್ಮೆ ಒತ್ತಿದರೆ ಆಯ್ದ ಸಾಲುಗಳು ಬರೀ ಕಾಮೆಂಟ್ ಆಗಿ, ಕಂಪ್ಯೂಟರ್ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ; ಮತ್ತೊಮ್ಮೆ ಒತ್ತಿದರೆ ಜೀವ ಬರುತ್ತಿತ್ತು. ಈಗ ಹಸಿರಾದದ್ದು, ಅಚ್ಚಿನ ಕೆಳಗೆ ಯಾರದಾದರೂ ಕೈ ಬಂದರೆ, ಲೋಹದ ಷೀಟು ಒತ್ತುವ ಪ್ರೆಸ್ ಮಷೀನನ್ನು ನಿಲ್ಲಿಸುವ ಭಾಗ.

"ಸೆನ್ಸರ್ ಮೇಲೆ ಧೂಳು ಕೂತ್ರೂ ಮಷೀನ್ ನಿಂತುಬಿಡತ್ತೆ. ಕಸ್ಟಮರ್ ಗೇಟಿಗೆ ಬಂದಾಯ್ತು. ಡೆಮೊ ಮುಗಿಯೋವರೆಗೂ ಹೀಗೇ ಇರ್ಲಿ," ಎಂದ ವೀರೇಶ್. ಅಂಬತ್ತೂರಿನ ಆ ಕಾರ್ಖಾನೆಯಲ್ಲಿ ಅವಳ ಕೆಲಸ ಕಾಯಂ ಆಗಬೇಕಾದರೆ ಅವನೇ ಸಹಿ ಹಾಕಬೇಕಿತ್ತು.

ಪ್ರೆಸ್ಸಿನ ಹತ್ತಿರ ಆಪರೇಟರ್ ಸೆಲ್ವಿ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು, "ಉಕ್ಕಾರಟ್ಟುಮಾ ಮೇಡಂ?" ಎಂದು, ತಾನು ಕೂರಲೇ ಎಂದು ತಮಿಳಿನಲ್ಲಿ ಕೇಳುತ್ತಾ ಸ್ಟೂಲು ತೋರಿಸಿದಳು.

"ಇರುಮ್ಮಾ," ಎಂದು ಅವಳನ್ನು ತಡೆದು ತೇಜಶ್ರೀ ವೀರೇಶನ ಕಡೆ ತಿರುಗಿದಳು. "ಹೀಗೇ ಇರೋದಾದ್ರೆ ನೀವೇ ಕೂತ್ಕೊಳ್ಳಿ ಸಾರ್. ಅಚ್ಚಿನ ಕೆಳಗೆ ಷೀಟ್ ನೀವೇ ಇಡಿ."

ವೀರೇಶ್ ಪ್ರೆಸ್ಸನ್ನು ನೋಡಿದ. ಕೀಬೋರ್ಡಿನ ಮೇಲಿದ್ದ ಅವನ ಕೈ ಮೆಲ್ಲಗೆ ಪ್ಯಾಂಟಿನ ಜೇಬು ಸೇರಿತು. ತೇಜಶ್ರೀ ಅದೇ ಎರಡು ಕೀ ಒತ್ತಿದಳು. ಸಾಲುಗಳು ಮತ್ತೆ ಕಪ್ಪಾದವು.

"ಕಸ್ಟಮರ್ ಎದುರಿಗೇ ನಿಂತುಹೋದ್ರೆ?" ಎಂದ ವೀರೇಶ್.

"ನಿಲ್ಲಲಿ ಸಾರ್. ನಿಲ್ಲಲಿ ಅಂತಲೇ ಬರೆದಿರೋದು."