ಕೈಗೆ ಕೊಡದ ಕಬ್ಬಿಣ

ಸ್ಕ್ರೂ ಹೊರಗೆ ಬಂದ ಕ್ಷಣವೇ ಅಂಬರೀಶನಿಗೆ ಅದು ಎಲ್ಲಿಯದೆಂದು ಗೊತ್ತಾಯಿತು. ಮುಷ್ಟಿಯೊಳಗೆ ಮುಚ್ಚಿಕೊಂಡ. ಆದರೆ ತಡವಾಗಿತ್ತು.

"ಏನದು? ತೋರ್ಸು," ಎಂದ ಧರ್ಮೇಂದ್ರ.

ಲೇತ್ ಪಕ್ಕದ ಹಲಗೆಯ ಮೇಲೆ ಹಳೆಯ ಮಿಲಿಟರಿ ರೈಫಲ್ ಅಂಗಾತ ಬಿದ್ದಿತ್ತು. ಧರ್ಮೇಂದ್ರನ ತಾತ ಯಾವುದೋ ಹರಾಜಿನಲ್ಲಿ ಕೊಂಡದ್ದು. ಈಗ ಲೈಸೆನ್ಸ್ ಮೊಮ್ಮಗನ ಹೆಸರಿಗೆ ಬರುತ್ತಿತ್ತು. ಅಧಿಕಾರಿಗಳಿಗೆ ತೋರಿಸುವ ಮೊದಲು ಅಲುಗಾಡುವ ಮರದ ಹಿಡಿ ಸರಿಯಾಗಬೇಕಿತ್ತು. ಅಂಬರೀಶ ಕೇಳುವ ಮೊದಲೇ ಅವನು ಕಾಗದವನ್ನೆಲ್ಲ ತೋರಿಸಿದ್ದ.

"ಕಲ್ಯಾಣದುರ್ಗದಾಗೇ ಮಾಡಿಸ್ಬೋದಿತ್ತು. ನಮ್ಮ ಚಿಕ್ಕಪ್ಪ ಕೇಳ್ಬೇಕಲ್ಲ! ಹಿಂದೂಪುರಕ್ಕೇ ಹೋಗಾಣ, ಹುಣಸೆ ಮಂಡಿ ಹಿಂದೆ ಒಬ್ಬವ್ನೆ ಅಂತ ಹಟ ಹಿಡ್ಕೊಂಡ್ಬುಟ್ಟ."

ಚಿಕ್ಕಪ್ಪ ಸುಬ್ಬರಾಯಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ.

ಅಂಬರೀಶ ಮುಷ್ಟಿ ತೆರೆದ. "ಇದು ಇದರ ಸ್ಕ್ರೂ ಅಲ್ಲ. ಥ್ರೆಡ್ಡೇ ಬೇರೆ. ಬಲವಂತವಾಗಿ ತಿರುಗಿಸವ್ರೆ, ಒಳಗಿನ ಥ್ರೆಡ್ಡೆಲ್ಲ ಕಿತ್ಕೊಂಡೋಗೈತೆ. ಉದ್ದಾನೂ ಜಾಸ್ತಿ."

"ಉದ್ದ ಜಾಸ್ತಿಯಾದ್ರೆ?"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಬಂದುಬಿಟ್ಟಿತ್ತು. "ಟ್ರಿಗರ್‌ಗೆ ಅಡ್ಡ ಬತ್ತದೆ."

ಧರ್ಮೇಂದ್ರನ ಮುಖ ಬಿಗಿಯಿತು. "ಕೇಳಿದ್ಯಾ ಚಿಕ್ಕಪ್ಪ? ತುಕ್ಕು ಹಿಡಿದಿತ್ತು ಅಂತಿದ್ರಲ್ಲ ಎಲ್ರೂ! ಕೆರೆ ಏರಿ ಮೇಲೆ ನೀನು ಟ್ರಿಗರ್ ಎಳೆದ್ರೂ ಗುಂಡು ಹಾರ್ಲಿಲ್ಲ, ಆ ನನ್ಮಗ ಬದುಕ್ಕೊಂಡು ಓಡೋದ. ನಮ್ಮಪ್ಪ ಸಾಯೋವರ್ಗೂ ಅದೇ ಕೊರಗು. ಯಾರೋ ಬೇಕಂತಲೇ ಮಾಡವ್ರೆ. ಮನೆಯೊಳಕ್ಕೆ ಬಂದು!"



ಓಡಿಹೋದವನು ಅಂಬರೀಶನ ಅಪ್ಪ. ಆಗ ಅಂಬರೀಶ ಅಮ್ಮನ ಹೊಟ್ಟೆಯಲ್ಲಿದ್ದ. ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲಿ, ಒಂದು ಹೊಲಿಗೆ ಮೆಷಿನ್ ಹೊತ್ತು ಹಿಂದೂಪುರ ಸೇರಿದ್ದರು. ಅಪ್ಪ ಕಾಯಿಲೆಯಿಂದ ಹೋಗಿ ಬಹಳ ಕಾಲವಾಗಿತ್ತು. ಹಗೆ ಹೋಗಿಲ್ಲವೆಂದು ಈಗ ತಿಳಿಯಿತು.

ಅಮ್ಮ ಬನಶಂಕರಮ್ಮ ಆ ಕಾಲದಲ್ಲಿ ಧರ್ಮೇಂದ್ರನ ಮನೆಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಅಳತೆ ತೆಗೆಯಲು ನಡುಮನೆಯವರೆಗೂ ಹೋಗಿಬರುತ್ತಿದ್ದಳು. ಅವಳ ಮೆಷಿನ್ನಿನ ತಲೆಯನ್ನು ಹಲಗೆಗೆ ಬಿಗಿಯುವ ಜೋಡಿ ಸ್ಕ್ರೂಗಳಲ್ಲಿ ಒಂದೇ ಉಳಿದಿತ್ತು. ಅದರ ತಲೆಯ ಮೇಲೆ ಹೂವಿನ ಕೆತ್ತನೆ. ಪ್ರತಿ ಆಯುಧಪೂಜೆಗೂ ಅಂಬರೀಶನೇ ಅದಕ್ಕೆ ಎಣ್ಣೆ ಬಿಟ್ಟು ಒರೆಸುತ್ತಿದ್ದ. ಇನ್ನೊಂದರ ಜಾಗದಲ್ಲಿ ಬಟ್ಟೆಯ ಚೂರು ತುರುಕಿತ್ತು. ಹೊಸದು ಕಡೆದುಕೊಡುತ್ತೇನೆಂದರೆ ಅಮ್ಮ ಒಪ್ಪುತ್ತಿರಲಿಲ್ಲ. "ಬ್ಯಾಡ ಕಣಪ್ಪ. ಅದರದ್ದೇ ಬತ್ತದೆ."

ಈಗ ಬಂದಿತ್ತು. ಅದೇ ಹೂವು, ಅವನ ಅಂಗೈಯಲ್ಲಿ.

"ಯಾವ ಮೆಷಿನ್‌ದು ಇದು? ಮೆಷಿನ್ ಗೊತ್ತಾದ್ರೆ ಆಳು ಗೊತ್ತಾಯ್ತಾನೆ. ಗಂಡಸಾಗ್ಲಿ ಹೆಂಗಸಾಗ್ಲಿ, ನಾನು ಬಿಡಕಿಲ್ಲ."

"ಸೈಕಲ್‌ದು ಇರ್ಬೇಕು."

"ಸೈಕಲ್‌ಗೆ ಹೂವು ಕೆತ್ತಿರ್ತಾರೇನಯ್ಯ?"

ಆಗ ಮೂಲೆಯಿಂದ ಮಾತು ಬಂತು.

"ಹಳೇ ಸೀಮೆ ಸೈಕಲ್‌ಗೆ ಇರ್ತಿತ್ತು ಕಣ್ಲಾ. ನೀನಿನ್ನೂ ಹುಟ್ಟಿರ್ಲಿಲ್ಲ. ಊರ ತುಂಬ ಅವೇ. ಯಾರನ್ನ ಅಂತ ಹುಡುಕ್ತೀಯ?"

ಸುಬ್ಬರಾಯಪ್ಪನ ಕಣ್ಣು ಸ್ಕ್ರೂವಿನ ಮೇಲಿರಲಿಲ್ಲ. ಅಂಬರೀಶನ ಮುಖದ ಮೇಲಿತ್ತು. ಮುದುಕನಿಗೆ ಗೊತ್ತು. ಹಗ್ಗ ಸಡಿಲ ಬಿಟ್ಟು ಆಟ ನೋಡುತ್ತಿದ್ದಾನೆ.

ಅಂಬರೀಶ ಬೇಗ ಮುಗಿಸಿ ಕಳಿಸಬೇಕಿತ್ತು. ಹಾಳಾದ ತೂತನ್ನು ಕೊರೆದು ಹಿಗ್ಗಿಸಿ, ಬಳೆಯಂಥ ಉಕ್ಕಿನ ಬುಷ್ ಕಡೆದು ಕೂರಿಸಿ, ಅದರೊಳಗೆ ಹೊಸ ಥ್ರೆಡ್ಡು ಹಾಕಿದ. ಅಳತೆಗೆ ತಕ್ಕ ಸ್ಕ್ರೂ ಮಾಡಿ ಬಿಗಿದ. ಹಿಡಿ ಅಲುಗಾಡಲಿಲ್ಲ. ತಾನು ಸರಿಮಾಡಿಕೊಟ್ಟ ಬಂದೂಕು ನಾಳೆ ಯಾರ ಎದುರು ನಿಲ್ಲುತ್ತದೆಂಬ ಯೋಚನೆ ತಲೆಯೊಳಗೆ ಲೇತಿನ ಹಾಗೆ ತಿರುಗುತ್ತಿತ್ತು.

ಧರ್ಮೇಂದ್ರ ರೈಫಲನ್ನು ಚೀಲಕ್ಕೆ ಹಾಕಿಕೊಂಡು ಕಾರಿನತ್ತ ಹೋದ. ಮುದುಕ ಎದ್ದ. ಹಳೆಯ ಸ್ಕ್ರೂ ಅವನ ಬೆರಳ ಸಂದಿಯಲ್ಲಿತ್ತು. ಯಾವಾಗ ಎತ್ತಿಕೊಂಡನೋ!

"ಕೊಡಿ, ಗುಜರಿಗೆ ಹಾಕ್ತೀನಿ," ಎಂದು ಅಂಬರೀಶ ಕೈ ಚಾಚಿದ.

ಮುದುಕ ಆ ಕೈಯನ್ನು ನೋಡಲೇ ಇಲ್ಲ. ಬಾಗಿ, ಸ್ಕ್ರೂವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟ. "ಕಬ್ಬಿಣ ಕೈಯಿಂದ ಕೈಗೆ ಕೊಡಬಾರ್ದು ಕಣಪ್ಪ. ಜಗಳ ಬತ್ತದೆ."

ಬಾಗಿಲ ಬಳಿ ತಿರುಗಿ ನಿಂತ. ದನಿ ಇಳಿಸಿದ.

"ಅಮ್ಮ ಇನ್ನೂ ಹೊಲಿತಾಳಾ?"

ಅಮ್ಮನ ವಿಷಯವನ್ನು ಅಂಬರೀಶ ಎತ್ತಿಯೇ ಇರಲಿಲ್ಲ.

ಕಾರು ಮರೆಯಾದ ಮೇಲೆ ಶಟರ್ ಎಳೆದು ಬೈಕ್ ಹತ್ತಿದ. ಹಿಂದೆ ಹಾರ್ನ್ ಕೇಳಿದಾಗಲೆಲ್ಲ ತಿರುಗಿ ನೋಡಿದ. ಬಿಸಿಲಿನ್ನೂ ಇಳಿದಿರಲಿಲ್ಲ. ಅಮ್ಮ ಮೆಷಿನ್ ಮುಂದೆ ಕೂತು ರವಿಕೆಗೆ ತೋಳು ಕೂರಿಸುತ್ತಿದ್ದಳು.

"ಅಮ್ಮ, ಎದ್ದೇಳು. ಬಟ್ಟೆ ಕಟ್ಕೊ. ಅವ್ರಿಗೆ ಗೊತ್ತಾಗೋಗೈತೆ!" ಸ್ಕ್ರೂವನ್ನು ಅವಳ ಮುಂದೆ ಹಿಡಿದ.

ಅಮ್ಮ ಅದನ್ನು ನೋಡಿದಳು. ಕೈ ಮಾತ್ರ ಚಾಚಲಿಲ್ಲ. "ಕೆಳಗಿಡು."

ಇಟ್ಟ. ಅವಳು ಎತ್ತಿಕೊಂಡಳು. ಬಟ್ಟೆಯ ಚೂರನ್ನು ಕಿತ್ತು ಬಿಸಾಡಿ, ಸ್ಕ್ರೂವನ್ನು ತೂತಿಗೆ ಹಿಡಿದು ತಿರುಗಿಸಿದಳು. ತವರಿಗೆ ಬಂದಂತೆ ಒಳಕ್ಕೆ ಹೋಯಿತು.

"ಇಷ್ಟು ಧೈರ್ಯ ಎಲ್ಲಿತ್ತಮ್ಮ ನಿಂಗೆ? ಅವರ ಮನೆಗೇ ಹೋಗಿ, ಅವರ ಬಂದೂಕಿಗೇ..."

"ನಂಗೆ ಬಂದೂಕು ಬಿಚ್ಚಕ್ ಬತ್ತದೇನೋ, ಹುಚ್ಚಪ್ಪ? ಅವತ್ತು ಬೆಳಗ್ಗೆ ಸುಬ್ಬರಾಯಪ್ಪನೇ ನಮ್ಮ ಹಿತ್ತಲಿಗೆ ಬಂದಿದ್ದ. 'ಅಣ್ಣನ ಮಾತು ಮೀರಂಗಿಲ್ಲ, ನಿನ್ನ ಗಂಡನ್ನ ಹೊಡೆಯಕ್ಕೆ ಕೈ ಬರಲ್ಲ, ಒಂದು ಸ್ಕ್ರೂ ಕೊಡಕ್ಕ, ವಾಪಸ್ ತಲುಪಿಸ್ತೀನಿ' ಅಂದ. ಹೊಸಿಲ ಮೇಲೆ ಇಟ್ಟೆ, ಎತ್ಕೊಂಡು ಹೋದ."